ಏನೂ ಮಾಡದೆ ನಿಂತವನು

ಒಂದು ಮಾತು ಎರಡು ವರ್ಷದಿಂದ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಗೆಳೆಯನೊಬ್ಬನ ಜೊತೆ ‘ಬೀಯಿಂಗ್ ದೇರ್’ ನೋಡಿದ್ದೆ. 1979ರ ಸಿನಿಮಾ, ಹಾಲ್ ಆಶ್ಬಿ ನಿರ್ದೇಶನ, ಮುಖ್ಯ ಪಾತ್ರದಲ್ಲಿ ಪೀಟರ್ ಸೆಲ್ಲರ್ಸ್. ನನಗದು ಎರಡನೇ ಸಲ, ಅವನಿಗೆ ಮೊದಲನೇ ಸಲ. ಮುಗಿದ ಮೇಲೆ ಅವನು ಎದ್ದು ಲೈಟ್ ಹಾಕಿದ. ‘ಸಿನಿಮಾ ಚೆನ್ನಾಗಿದೆ ಕಣೋ. ಆದ್ರೆ ಆ ಹೀರೋ ಏನೂ ಮಾಡ್ಲೇ ಇಲ್ವಲ್ಲ. ಸುಮ್ನೆ ನಿಂತಿದ್ದ, ಸುಮ್ನೆ ಕೂತಿದ್ದ. ಅದಕ್ಕೆ ಇಷ್ಟೊಂದು ಹೊಗಳ್ತೀಯಾ?’ ಅಂದ. ನಾನು ಏನೋ ಹೇಳೋಕೆ ಬಾಯಿ ತೆರೆದೆ. ಮಾತು ಬರಲಿಲ್ಲ. ಅವನು ನೋಡಿದ್ದು ಸರಿಯಾಗಿಯೇ ಇತ್ತು. ಆ ಮನುಷ್ಯ ಎರಡು ಗಂಟೆಯ ಸಿನಿಮಾದಲ್ಲಿ ಒಮ್ಮೆಯೂ ದನಿ ಏರಿಸುವುದಿಲ್ಲ, ಸಿಟ್ಟಾಗುವುದಿಲ್ಲ, ಜೋರಾಗಿ ನಗುವುದಿಲ್ಲ. ಆದರೂ ನನಗೆ ಅವನ ಮೇಲಿಂದ ಕಣ್ಣು ಕೀಳೋಕೆ ಆಗಿರಲಿಲ್ಲ. ಯಾಕೆ ಅನ್ನೋದನ್ನ ಆವತ್ತು ಗೆಳೆಯನಿಗೆ ಹೇಳೋಕೆ ಆಗಲಿಲ್ಲ. ಆಮೇಲೆ ಇನ್ನೂ ಎರಡು ಸಲ ನೋಡಿದೆ. ಈಗ ಸ್ವಲ್ಪ ಹೇಳಬಲ್ಲೆ ಅನಿಸುತ್ತಿದೆ.

ನೋಡದವರಿಗಾಗಿ ನಾಲ್ಕು ಸಾಲು ಕಥೆ. ವಾಷಿಂಗ್ಟನ್ನಿನ ಒಂದು ಹಳೇ ಮನೆಯಲ್ಲಿ ಚಾನ್ಸ್ ಅನ್ನೋ ತೋಟಗಾರ ಇದ್ದಾನೆ. ಓದು ಬರಹ ಬರುವುದಿಲ್ಲ. ಮನೆಯಿಂದ ಹೊರಗೆ ಕಾಲಿಟ್ಟವನೇ ಅಲ್ಲ. ಅವನಿಗೆ ಗೊತ್ತಿರುವುದು ಎರಡೇ, ತೋಟ ಮತ್ತು ಟಿವಿ. ಮನೆಯ ಯಜಮಾನ ಸಾಯುತ್ತಾನೆ, ವಕೀಲರು ಬಂದು ಇವನನ್ನು ಹೊರಗೆ ಕಳಿಸುತ್ತಾರೆ. ಬೀದಿಯಲ್ಲಿ ಒಂದು ಕಾರು ತಾಗಿ ಕಾಲಿಗೆ ಪೆಟ್ಟಾಗುತ್ತದೆ. ಆ ಕಾರು ದೊಡ್ಡ ಉದ್ಯಮಿ ಬೆಂಜಮಿನ್ ರ‍್ಯಾಂಡ್‌ನದು, ಒಳಗಿರುವುದು ಅವನ ಹೆಂಡತಿ ಈವ್. ಅವಳು ಇವನನ್ನು ಮನೆಗೆ ಕರೆತರುತ್ತಾಳೆ. ಅಲ್ಲಿಂದ ಮುಂದೆ ಇವನು ತೋಟದ ಬಗ್ಗೆ ಆಡಿದ ಮಾತನ್ನೆಲ್ಲ ದೊಡ್ಡವರು ದೇಶದ ಬಗ್ಗೆ ಆಡಿದ ಮಾತು ಅಂದುಕೊಳ್ಳುತ್ತಾರೆ. ಅಮೆರಿಕದ ಅಧ್ಯಕ್ಷನೂ ಅಷ್ಟೇ, ಟಿವಿಯವರೂ ಅಷ್ಟೇ.

ಮೊದಲ ಸಲ ನೋಡಿದಾಗ ನನಗೆ ಇದು ದಡ್ಡನನ್ನು ಜಾಣ ಅಂದುಕೊಂಡವರ ಕಥೆ ಅಂತ ಕಂಡಿತ್ತು. ನಕ್ಕೆ, ಮೆಚ್ಚಿದೆ, ಮುಗಿಯಿತು ಅಂದುಕೊಂಡೆ. ಮುಗಿದಿರಲಿಲ್ಲ.

ಲಿಫ್ಟ್‌ನೊಳಗಿನ ಮುಖ

ರ‍್ಯಾಂಡ್‌ನ ಬಂಗಲೆಗೆ ಬಂದ ಚಾನ್ಸ್‌ನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಲಿಫ್ಟ್‌ಗೆ ತಳ್ಳುತ್ತಾರೆ. ಅವನು ಇದುವರೆಗೆ ಲಿಫ್ಟ್ ಹತ್ತಿದವನಲ್ಲ. ಜೊತೆಯಲ್ಲಿರುವ ಆಳಿಗೆ ಅದನ್ನೇ ಹೇಳುತ್ತಾನೆ, ಇಂಥದ್ದರಲ್ಲಿ ನಾನು ಯಾವತ್ತೂ ಕೂತಿಲ್ಲ ಅಂತ. ಆಳು ಅದನ್ನು ಗಾಲಿಕುರ್ಚಿಯ ಮಾತು ಅಂದುಕೊಳ್ಳುತ್ತಾನೆ. ಇದರಲ್ಲಿ ಟಿವಿ ಇದೆಯಾ ಅಂತ ಚಾನ್ಸ್ ಕೇಳುತ್ತಾನೆ. ಕೊನೆಗೆ, ನಾವು ಎಷ್ಟು ಹೊತ್ತು ಇದರಲ್ಲಿ ಇರ್ತೀವಿ ಅನ್ನುತ್ತಾನೆ. ಗೊತ್ತಿಲ್ಲ, ಡಾಕ್ಟರ್ ಏನು ಹೇಳ್ತಾರೋ ನೋಡೋಣ ಅಂತ ಆಳಿನ ಉತ್ತರ. ಅವನು ಅತಿಥಿ ಈ ಬಂಗಲೆಯಲ್ಲಿ ಎಷ್ಟು ದಿನ ಇರಬೇಕು ಅನ್ನೋದರ ಬಗ್ಗೆ ಹೇಳುತ್ತಿದ್ದಾನೆ. ಚಾನ್ಸ್‌ಗೋ ಈ ಪುಟ್ಟ ಕೋಣೆಯೇ ತನಗೆ ಕೊಟ್ಟ ಕೋಣೆ.

ಬರೆದರೆ ಇದು ಒಂದು ಸಾಧಾರಣ ತಮಾಷೆ. ತೆರೆಯ ಮೇಲೆ ಇದು ಬೇರೇನೇ ಆಗುತ್ತದೆ, ಅದಕ್ಕೆ ಕಾರಣ ಸೆಲ್ಲರ್ಸ್‌ನ ಮುಖ. ಸಾಮಾನ್ಯವಾಗಿ ಹಾಸ್ಯನಟ ಪೆದ್ದನ ಪಾತ್ರ ಮಾಡುವಾಗ ನಮಗೊಂದು ಸಣ್ಣ ಸನ್ನೆ ಕೊಡುತ್ತಾನೆ. ಹುಬ್ಬು ಹಾರಿಸುತ್ತಾನೆ, ಬಾಯಿ ಸೊಟ್ಟ ಮಾಡುತ್ತಾನೆ, ಒಂದು ಕ್ಷಣ ತಡೆದು ನಗುವಿಗೆ ಜಾಗ ಬಿಡುತ್ತಾನೆ. ‘ನಾನು ಪೆದ್ದನಲ್ಲ, ಪೆದ್ದನ ಥರ ಮಾಡ್ತಿದೀನಿ, ನಿಮಗೆ ಗೊತ್ತಲ್ವಾ’ ಅನ್ನುವ ಸನ್ನೆ ಅದು. ಸೆಲ್ಲರ್ಸ್ ಅಂಥ ಸನ್ನೆಗಳ ದೊಡ್ಡ ಉಸ್ತಾದ. ಇನ್‌ಸ್ಪೆಕ್ಟರ್ ಕ್ಲೂಸೋ ಅನ್ನೋ ‘ಪಿಂಕ್ ಪ್ಯಾಂಥರ್’ ಸಿನಿಮಾಗಳ ಎಡವಟ್ಟು ಪತ್ತೇದಾರನಾಗಿ ಅವನು ಮುಖ, ಮೈ, ನಾಲಿಗೆ ಎಲ್ಲವನ್ನೂ ಕುಣಿಸಿದ್ದಾನೆ. 1964ರ ‘ಡಾಕ್ಟರ್ ಸ್ಟ್ರೇಂಜ್‌ಲವ್’ನಲ್ಲಿ ಒಬ್ಬನೇ ಮೂರು ಪಾತ್ರ ಮಾಡಿದ್ದಾನೆ. ಇಲ್ಲಿ ಆ ವಿದ್ಯೆಯನ್ನೆಲ್ಲ ಬಾಗಿಲ ಹೊರಗೇ ಬಿಟ್ಟು ಬಂದಿದ್ದಾನೆ. ಲಿಫ್ಟ್‌ನಲ್ಲಿ ಕೂತವನ ಮುಖದಲ್ಲಿ ಗೊಂದಲ ಇಲ್ಲ, ಭಯ ಇಲ್ಲ, ತಮಾಷೆ ಮಾಡುವ ಸುಳಿವೂ ಇಲ್ಲ. ಹೊಸದೊಂದು ಜಾಗವನ್ನು ನೋಡುತ್ತಿರುವ ಗಮನ ಇದೆ, ಅಷ್ಟೇ.

ಗಮನ ಅನ್ನೋ ಆ ಪದ ಸಿಕ್ಕಿದ ಮೇಲೆ ನನಗೆ ಸಿನಿಮಾ ಬೇರೆ ಥರ ಕಾಣೋಕೆ ಶುರುವಾಯಿತು. ಚಾನ್ಸ್ ಎದುರಿಗಿದ್ದವರನ್ನು ಹೇಗೆ ನೋಡುತ್ತಾನೆ ಅನ್ನೋದನ್ನ ಗಮನಿಸಿ. ಟಿವಿ ನೋಡುವ ಹಾಗೇ ನೋಡುತ್ತಾನೆ. ತಲೆ ಸ್ವಲ್ಪ ಮುಂದೆ, ಕಣ್ಣು ಮಿಟುಕಿಸುವುದು ಕಡಿಮೆ, ತಾನು ಯಾವಾಗ ಮಾತಾಡಬೇಕು ಅನ್ನೋ ಅವಸರ ಇಲ್ಲ. ನಾವೆಲ್ಲ ಬೇರೆಯವರ ಮಾತು ಕೇಳುವಾಗ ಒಳಗೊಳಗೇ ನಮ್ಮ ಉತ್ತರ ಹೊಂದಿಸುತ್ತಿರುತ್ತೇವೆ. ಅದು ಮುಖದಲ್ಲಿ ಕಾಣುತ್ತದೆ ಕೂಡ. ಚಾನ್ಸ್‌ನ ಮುಖದಲ್ಲಿ ಅದು ಕಾಣುವುದಿಲ್ಲ. ಸಾಯುವ ಹೊತ್ತು ಹತ್ತಿರವಾದ ರ‍್ಯಾಂಡ್‌ಗೆ, ಒಂಟಿಯಾದ ಈವ್‌ಗೆ, ಕುರ್ಚಿಯ ಚಿಂತೆಯಲ್ಲಿರುವ ಅಧ್ಯಕ್ಷನಿಗೆ, ತಮ್ಮ ಮಾತನ್ನು ಪೂರ್ತಿ ಕೇಳುವ ಒಬ್ಬ ಮನುಷ್ಯ ಬಹಳ ವರ್ಷದ ಮೇಲೆ ಸಿಕ್ಕಿದ್ದಾನೆ. ಅವರು ಮೋಸ ಹೋಗಿದ್ದು ಇವನ ಮಾತಿಗೆ ಅಂತ ನಾನು ಅಂದುಕೊಂಡಿದ್ದೆ. ಈಗ ನೋಡಿದರೆ ಅವರು ಸೋತಿದ್ದು ಇವನು ಕೇಳುವ ರೀತಿಗೆ.

ದನಿಯ ಬಗ್ಗೆಯೂ ಒಂದು ಮಾತು ಹೇಳಬೇಕು. ಈ ಪಾತ್ರದ ದನಿಗೆ ಸೆಲ್ಲರ್ಸ್ ಹಳೆಯ ಹಾಸ್ಯನಟ ಸ್ಟ್ಯಾನ್ ಲಾರೆಲ್‌ನ ಮಾತಿನ ಧಾಟಿಯನ್ನು ಸ್ವಲ್ಪ ತೆಗೆದುಕೊಂಡಿದ್ದ. ಕೇಳಿದರೆ ಗೊತ್ತಾಗುತ್ತದೆ. ಪ್ರತಿ ಪದವೂ ಬಿಡಿಬಿಡಿ, ಸ್ಪಷ್ಟ, ಒಂದೇ ತೂಕ. ಯಾವ ಊರಿನ ಮಾತು ಅಂತ ಹೇಳೋಕೆ ಆಗುವುದಿಲ್ಲ, ಯಾವ ವರ್ಗದ ಮಾತು ಅಂತಲೂ ಗೊತ್ತಾಗುವುದಿಲ್ಲ. ಟಿವಿಯಿಂದ ಮಾತು ಕಲಿತವನು ಹೀಗೇ ಮಾತಾಡಬೇಕು. ಈ ದನಿಯಲ್ಲಿ ಬಂದ ಪ್ರತಿ ವಾಕ್ಯವೂ ಯೋಚಿಸಿ ಆಡಿದ ಮಾತಿನ ಹಾಗೆ ಕೇಳುತ್ತದೆ.

ಇದಕ್ಕೆಲ್ಲ ನಿರ್ದೇಶಕನ ಸಹಾಯವೂ ಇದೆ. ಹಾಲ್ ಆಶ್ಬಿ ಮೊದಲು ಸಂಕಲನಕಾರ. ‘ಇನ್ ದ ಹೀಟ್ ಆಫ್ ದ ನೈಟ್’ ಸಿನಿಮಾದ ಸಂಕಲನಕ್ಕೆ ಆಸ್ಕರ್ ಪಡೆದವನು. ಎಲ್ಲಿ ಕತ್ತರಿಸಬೇಕು ಅನ್ನೋದು ಗೊತ್ತಿದ್ದವನಿಗೆ ಎಲ್ಲಿ ಕತ್ತರಿಸಬಾರದು ಅನ್ನೋದೂ ಗೊತ್ತಿರುತ್ತದೆ ಅಲ್ವಾ. ಚಾನ್ಸ್ ಸುಮ್ಮನಿರುವ ಹೊತ್ತಿನಲ್ಲಿ ಕ್ಯಾಮೆರಾ ಅವನನ್ನು ಬಿಟ್ಟು ಓಡುವುದಿಲ್ಲ. ಆ ಮೌನ ನಮಗೆ ಸ್ವಲ್ಪ ಮುಜುಗರ ಆಗುವಷ್ಟು ಹೊತ್ತು ಉಳಿಯುತ್ತದೆ. ಆ ಜಾಗದಲ್ಲಿ ಎದುರಿನ ಪಾತ್ರ ತನ್ನ ಅರ್ಥ ತುಂಬಿಕೊಳ್ಳುತ್ತದೆ. ನಾವೂ ತುಂಬಿಕೊಳ್ಳುತ್ತೇವೆ.

ಕಾಗದ ಇಲ್ಲದ ಮನುಷ್ಯ

ಈ ಸಿನಿಮಾದ ವಿಡಂಬನೆ ನನಗೆ ಅತಿ ಚೂಪಾಗಿ ಕಾಣುವುದು ಒಂದು ಸಣ್ಣ ಹೊಂದಿಕೆಯಲ್ಲಿ. ಶುರುವಿನಲ್ಲಿ ವಕೀಲರು ಚಾನ್ಸ್‌ನನ್ನು ಕೇಳುತ್ತಾರೆ, ನೀನು ಈ ಮನೆಯವನು ಅನ್ನೋಕೆ ದಾಖಲೆ ಏನಿದೆ? ಏನೂ ಇಲ್ಲ. ಸಂಬಳದ ಲೆಕ್ಕ ಇಲ್ಲ, ಲೈಸೆನ್ಸ್ ಇಲ್ಲ, ಡಾಕ್ಟರ್ ಚೀಟಿ ಇಲ್ಲ. ಕಾಗದ ಇಲ್ಲದ್ದರಿಂದ ಅವನು ಅಲ್ಲಿ ಇದ್ದೇ ಇಲ್ಲ ಅನ್ನುವ ತೀರ್ಮಾನ ಆಗುತ್ತದೆ, ಬೀದಿಗೆ ಬೀಳುತ್ತಾನೆ. ಆಮೇಲೆ ಅವನು ಹೆಸರಾದಾಗ ಸರ್ಕಾರದ ಗುಪ್ತಚರರು ಅವನ ಹಿನ್ನೆಲೆ ಹುಡುಕುತ್ತಾರೆ. ಆಗಲೂ ಏನೂ ಸಿಗುವುದಿಲ್ಲ. ಎಫ್‌ಬಿಐನವರಿಗೆ ಸಿಐಎ ಮೇಲೆ ಅನುಮಾನ, ಸಿಐಎಯವರಿಗೆ ಎಫ್‌ಬಿಐ ಮೇಲೆ ಅನುಮಾನ. ಕಡತವನ್ನೇ ಅಳಿಸಿ ಹಾಕಿದ್ದಾರೆ ಅಂದರೆ ಈತ ಎಷ್ಟು ದೊಡ್ಡವನಿರಬೇಕು ಅಂದುಕೊಳ್ಳುತ್ತಾರೆ. ಕಾಗದ ಇಲ್ಲ ಅನ್ನುವ ಒಂದೇ ಸಂಗತಿ ಒಮ್ಮೆ ಅವನನ್ನು ಹೊರಗೆ ದಬ್ಬುತ್ತದೆ, ಇನ್ನೊಮ್ಮೆ ಮೇಲಕ್ಕೆ ಎತ್ತುತ್ತದೆ. ನಡುವೆ ಬದಲಾಗಿದ್ದು ಇಷ್ಟೇ, ಮೊದಲು ಅವನು ಕೆಲಸದವನು, ಈಗ ದೊಡ್ಡ ಮನೆಯ ಅತಿಥಿ.

ಬಟ್ಟೆಯ ಪಾಲೂ ಇದೆ. ಯಜಮಾನನ ಹಳೇ ಸೂಟುಗಳು ಇವನ ಮೈಮೇಲಿವೆ. ಎಷ್ಟೋ ವರ್ಷದ ಹಿಂದೆ ಒಳ್ಳೇ ದರ್ಜಿ ಹೊಲಿದ ಬಟ್ಟೆ. ಅವನ್ನು ನೋಡಿಯೇ ಈವ್ ಇವನನ್ನು ದೊಡ್ಡ ಮನುಷ್ಯ ಅಂದುಕೊಳ್ಳುತ್ತಾಳೆ. ಕಾರಿನಲ್ಲಿ ಅವಳು ಹೆಸರು ಕೇಳಿದಾಗ ಇವನಿಗೆ ಗುಟುಕು ನೆತ್ತಿಗೇರಿರುತ್ತದೆ. ಕೆಮ್ಮಿನ ನಡುವೆ ಹೇಳಿದ ‘ಚಾನ್ಸ್, ಗಾರ್ಡನರ್’ ಅವಳ ಕಿವಿಗೆ ‘ಚಾನ್ಸಿ ಗಾರ್ಡಿನರ್’ ಅಂತ ಬೀಳುತ್ತದೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತೇವಲ್ಲ, ಇಲ್ಲಿ ಕಿವಿಗೂ ಕಾಮಾಲೆ ಬಂದಿದೆ.

ಇದನ್ನೆಲ್ಲ ಬಿಚ್ಚಿ ಹೇಳುವವಳು ಲೂಯಿಸ್. ಹಳೇ ಮನೆಯ ಅಡುಗೆಯವಳು, ಕಪ್ಪು ಹೆಂಗಸು. ಚಿಕ್ಕಂದಿನಿಂದ ಚಾನ್ಸ್‌ನನ್ನು ಸಾಕಿದವಳು. ಅವನು ಟಿವಿ ಕಾರ್ಯಕ್ರಮದಲ್ಲಿ ಬಂದಾಗ ಅವಳೂ ನೋಡುತ್ತಾಳೆ, ಸುತ್ತ ನಾಲ್ಕಾರು ಜನ ಕೂತಿರುತ್ತಾರೆ. ಅವಳಿಗೆ ಸಿಟ್ಟು. ಈ ಹುಡುಗನಿಗೆ ಓದು ಬರಹ ಬರಲ್ಲ, ತಲೆಯಲ್ಲಿ ಏನೂ ಇಲ್ಲ, ಈ ದೇಶದಲ್ಲಿ ಬಿಳಿಯನಾಗಿದ್ದರೆ ಸಾಕು, ಬೇಕಾದ್ದು ಸಿಗುತ್ತೆ ಅನ್ನುವ ಅರ್ಥದಲ್ಲಿ ಮಾತಾಡುತ್ತಾಳೆ. ರೂತ್ ಅಟಾವೇ ಈ ಪಾತ್ರ ಮಾಡಿದ್ದಾಳೆ. ಅವಳು ಇರುವುದು ಕೆಲವೇ ನಿಮಿಷ. ಆದರೆ ಇಡೀ ಸಿನಿಮಾದಲ್ಲಿ ಚಾನ್ಸ್‌ನನ್ನು ನಿಜವಾಗಿ ಬಲ್ಲವಳು ಅವಳೊಬ್ಬಳೇ, ಅವಳ ಮಾತನ್ನು ಕೇಳುವವರು ಆ ಕೋಣೆಯ ಹೊರಗೆ ಯಾರೂ ಇಲ್ಲ. ಇದರ ಪಕ್ಕದಲ್ಲೇ ಇನ್ನೊಂದು ದೃಶ್ಯ ಇಟ್ಟು ನೋಡಿ. ಮನೆಯಿಂದ ಹೊರಬಿದ್ದ ದಿನ ಚಾನ್ಸ್ ಬೀದಿಯಲ್ಲಿ ಹೋಗುತ್ತಿದ್ದ ಒಬ್ಬ ಕಪ್ಪು ಹೆಂಗಸನ್ನು ನಿಲ್ಲಿಸಿ, ನನಗೆ ಹಸಿವಾಗಿದೆ, ಊಟ ತಂದುಕೊಡ್ತೀರಾ ಅಂತ ಕೇಳುತ್ತಾನೆ. ಅವಳು ಹೆದರಿ ದೂರ ಸರಿಯುತ್ತಾಳೆ. ಅವನ ಮುಖದಲ್ಲಿ ಆಗಲೂ ಅದೇ ಮುಗ್ಧತೆ, ಅದೇ ವಿನಯ. ಅವನಿಗೆ ಗೊತ್ತಿರುವ ಲೋಕದಲ್ಲಿ ಊಟ ಕೊಡುವವರು ಹಾಗೇ ಕಾಣುತ್ತಾರೆ. ಮುಗ್ಧನ ತಲೆಯೊಳಗೂ ಸಮಾಜ ತನ್ನ ಗುರುತು ಒತ್ತಿಬಿಟ್ಟಿದೆ. ಸೆಲ್ಲರ್ಸ್ ಅದನ್ನು ಸ್ವಲ್ಪವೂ ಒತ್ತಿ ಹೇಳದೆ ಆ ಸಾಲು ಆಡಿದ್ದಾನೆ. ಮೊದಲ ಸಲ ನೋಡಿದಾಗ ನನಗೆ ಅದು ತಾಗಿರಲೇ ಇಲ್ಲ.

ಎಲ್ಲವೂ ಹೀಗೆ ಹದವಾಗಿದೆ ಅಂತ ನಾನು ಹೇಳುವುದಿಲ್ಲ. ಅಧ್ಯಕ್ಷನ ಮಲಗುವ ಕೋಣೆಯ ಹಾಸ್ಯ ನನಗೆ ಅಗ್ಗ ಅನಿಸುತ್ತದೆ. ಕುರ್ಚಿಯ ಭಯವನ್ನು ಗಂಡಸುತನದ ಭಯಕ್ಕೆ ಗಂಟು ಹಾಕಿದ್ದು ಬಹಳ ಸುಲಭದ ದಾರಿ. ಉಳಿದ ಸಿನಿಮಾ ಪಿಸುಗುಡುವಾಗ ಆ ದೃಶ್ಯಗಳು ಕೂಗುತ್ತವೆ.

ತೋಟ, ಈವ್, ಮತ್ತು ಹೆಸರು

ಸಂಕೇತಗಳನ್ನು ಹುಡುಕುವವರಿಗೆ ಇಲ್ಲಿ ಬೇಕಾದಷ್ಟಿದೆ. ಗೋಡೆಯೊಳಗಿನ ತೋಟ, ಅಲ್ಲಿಂದ ಹೊರಬಿದ್ದ ಗಂಡಸು, ಹೊರಗೆ ಸಿಗುವ ಈವ್. ಬೈಬಲ್ಲಿನ ಏದೆನ್ ತೋಟ ನೆನಪಾಗದೇ ಇರುವುದಿಲ್ಲ. ಆದರೆ ಇವನು ಯಾವ ಹಣ್ಣನ್ನೂ ತಿಂದಿಲ್ಲ. ಪಾಪ ಮಾಡದೆ ಹೊರಬಿದ್ದ ಆದಾಮ ಇವನು. ಅವನು ಬಾಗಿಲು ತೆಗೆದು ಬೀದಿಗೆ ಬರುವಾಗ ಕೇಳುವ ಸಂಗೀತವೂ ಸುಮ್ಮನೆ ಹಾಕಿದ್ದಲ್ಲ. ರಿಚರ್ಡ್ ಸ್ಟ್ರಾಸ್‌ನ ‘ಜರತುಷ್ಟ್ರ’ ಸಂಗೀತವನ್ನು ಬ್ರೆಜಿಲ್‌ನ ಯುಮಿರ್ ಡಿಯೊಡಾಟೊ ಡ್ರಮ್ಮು, ಗಿಟಾರಿನ ಕುಣಿಯುವ ತಾಳಕ್ಕೆ ಹೊಂದಿಸಿದ್ದು. 1968ರ ‘2001: ಎ ಸ್ಪೇಸ್ ಒಡಿಸ್ಸಿ’ ನೋಡಿದವರಿಗೆ ಇದರ ಮೂಲ ಗೊತ್ತು, ಅಲ್ಲಿ ಅದು ಮನುಷ್ಯಕುಲದ ಹೊಸ ಹೆಜ್ಜೆಗೆ ಬಾರಿಸಿದ ಸಂಗೀತ. ಇಲ್ಲಿ ಹೆಜ್ಜೆ ಇಡುತ್ತಿರುವವನು ಟೋಪಿ ಹಾಕಿ, ಕೊಡೆ ಹಿಡಿದು, ಟಿವಿಯ ರಿಮೋಟ್ ಜೇಬಿನಲ್ಲಿಟ್ಟುಕೊಂಡ ನಡುವಯಸ್ಸಿನ ತೋಟಗಾರ. ಮುಂದೆ ಒಂದಿಷ್ಟು ಹುಡುಗರು ಚಾಕು ತೋರಿಸಿ ಹೆದರಿಸಿದಾಗ ಆ ರಿಮೋಟ್ ತೆಗೆದು ಅವರತ್ತ ಒತ್ತುತ್ತಾನೆ. ಚಾನೆಲ್ ಬದಲಾಗುವುದಿಲ್ಲ. ಸಿನಿಮಾದಲ್ಲಿ ಅವನು ಅಚ್ಚರಿಪಟ್ಟು ನಿಲ್ಲುವ ಕೆಲವೇ ಕ್ಷಣಗಳಲ್ಲಿ ಅದೂ ಒಂದು.

ಇನ್ನು ಹೆಸರು. ಜರ್ಮನ್ ತತ್ವಜ್ಞಾನಿ ಹೈಡೆಗರ್ 1927ರ ತನ್ನ ದೊಡ್ಡ ಪುಸ್ತಕದಲ್ಲಿ ಮನುಷ್ಯನ ಇರುವಿಕೆಗೆ ‘ಡಾಸೈನ್’ ಅನ್ನುವ ಪದ ಬಳಸಿದ. ಬಿಡಿಸಿದರೆ ‘ಅಲ್ಲಿ ಇರುವುದು’ ಅಂತ ಅರ್ಥ. ಸಿನಿಮಾದ ಹೆಸರಿಗೂ ಅದೇ ಅರ್ಥ. ಹೈಡೆಗರ್ ಪ್ರಕಾರ ನಾವು ಮೊದಲು ಒಂದು ಕಡೆ ಇದ್ದು ಆಮೇಲೆ ಲೋಕವನ್ನು ನೋಡುವವರಲ್ಲ. ನಾವು ಕಣ್ಣು ಬಿಡುವ ಹೊತ್ತಿಗೇ ಲೋಕದ ನಡುವೆ ಬಿದ್ದಿರುತ್ತೇವೆ, ಅದರ ಕೆಲಸ ಕಾಳಜಿಗಳಲ್ಲಿ ಸಿಕ್ಕಿಕೊಂಡಿರುತ್ತೇವೆ. ಜೊತೆಗೆ ಸಾವು ಇದೆ ಅನ್ನುವ ತಿಳಿವೂ ನಮ್ಮೊಳಗಿರುತ್ತದೆ. ಚಾನ್ಸ್‌ಗೆ ಇದು ಹೊಂದುತ್ತದಾ? ಬಹಳ ದಿನ ನಾನು ಹೊಂದುವುದಿಲ್ಲ ಅಂದುಕೊಂಡಿದ್ದೆ. ಅವನು ಬರೀ ನೋಡುವವನು, ಯಾವುದರಲ್ಲೂ ಸಿಕ್ಕಿಕೊಂಡವನಲ್ಲ ಅಂತ. ಎರಡು ಸಾವುಗಳನ್ನು ಅಕ್ಕಪಕ್ಕ ಇಟ್ಟು ನೋಡಿದ ಮೇಲೆ ಆ ಅಭಿಪ್ರಾಯ ಬಿಟ್ಟೆ.

ಮೊದಲ ಸಾವು ಯಜಮಾನನದು. ಲೂಯಿಸ್ ಬಂದು ಹೇಳಿದಾಗ ಚಾನ್ಸ್ ಕಿಟಕಿಯ ಆಚೆ ನೋಡಿ, ಹಿಮ ಬೀಳೋ ಹಾಗಿದೆ ಅನ್ನುತ್ತಾನೆ. ಅವಳಿಗೆ ಸಿಟ್ಟು ಬರುತ್ತದೆ. ಆಮೇಲೆ ಅವನು ಹೆಣದ ಪಕ್ಕ ಹೋಗಿ ಹಣೆ ಮುಟ್ಟಿ ನೋಡುತ್ತಾನೆ, ಅಲ್ಲೇ ಕೂತು ಟಿವಿ ಹಾಕುತ್ತಾನೆ. ಎರಡನೇ ಸಾವು ರ‍್ಯಾಂಡ್‌ನದು. ಮೆಲ್ವಿನ್ ಡಗ್ಲಸ್ ಈ ಪಾತ್ರಕ್ಕೆ ಆಸ್ಕರ್ ಪಡೆದ. ರಕ್ತದ ಕಾಯಿಲೆಯಿಂದ ದಿನದಿಂದ ದಿನಕ್ಕೆ ಕರಗುವ, ಆದರೂ ಹಿಡಿತ ಬಿಡದ ಮುದುಕನನ್ನು ಅವನು ಎಷ್ಟು ಘನವಾಗಿ ತೋರಿಸಿದ್ದಾನೆ ಅಂದರೆ, ಚಾನ್ಸ್‌ನ ನಿಶ್ಚಲತೆಗೆ ಬೆನ್ನು ಕೊಟ್ಟು ನಿಂತ ಗೋಡೆ ಅದು. ರ‍್ಯಾಂಡ್ ಕಣ್ಣು ಮುಚ್ಚುವಾಗ ಚಾನ್ಸ್ ಹಾಸಿಗೆಯ ಹತ್ತಿರ ಇರುತ್ತಾನೆ. ಇದನ್ನ ಮೊದಲೂ ನೋಡಿದೀನಿ, ವಯಸ್ಸಾದವರಿಗೆ ಹೀಗಾಗುತ್ತೆ ಅನ್ನುವ ಅರ್ಥದ ಮಾತು ಅವನಿಂದ ಬರುತ್ತದೆ. ಅದೇ ಸಮ ದನಿ. ಆದರೆ ಈ ಸಲ ಕಣ್ಣಲ್ಲಿ ನೀರು ತುಂಬಿದೆ. ಸೆಲ್ಲರ್ಸ್ ಅದನ್ನು ಒರೆಸಿಕೊಳ್ಳಲು ಕೈ ಎತ್ತಿ ನಮಗೆ ತೋರಿಸಿಕೊಡುವುದಿಲ್ಲ, ದನಿ ನಡುಗಿಸುವುದಿಲ್ಲ. ಇಷ್ಟು ಹೊತ್ತು ಏನೂ ಬದಲಾಗದ ಮುಖದಲ್ಲಿ ಇಷ್ಟೇ ಇಷ್ಟು ಬದಲಾಗಿದ್ದರಿಂದ ನಮ್ಮ ಎದೆ ಹಿಂಡುತ್ತದೆ. ಪಕ್ಕದಲ್ಲಿ ಡಾಕ್ಟರ್ ಅಲೆನ್‌ಬಿ ನಿಂತಿದ್ದಾನೆ. ಅವನಿಗೆ ಅಷ್ಟೊತ್ತಿಗೆ ನಿಜ ಗೊತ್ತಾಗಿದೆ. ನೀನು ನಿಜವಾಗಲೂ ತೋಟಗಾರ ಅಲ್ವಾ ಅಂತ ಕೇಳುತ್ತಾನೆ. ಹೌದು ಅನ್ನುತ್ತಾನೆ ಚಾನ್ಸ್. ಅವನು ಶುರುವಿನಿಂದಲೂ ಅದನ್ನೇ ಹೇಳುತ್ತಾ ಬಂದಿದ್ದ. ಡಾಕ್ಟರ್ ಯಾರಿಗೂ ಹೇಳುವುದಿಲ್ಲ. ಆ ಕಣ್ಣೀರನ್ನು ನೋಡಿದ್ದಕ್ಕೇ ಹೇಳಲಿಲ್ಲ ಅಂತ ನಾನು ನಂಬಿದ್ದೇನೆ.

ಗೆಳೆಯನಿಗೆ ಆವತ್ತು ಹೇಳಬೇಕಾಗಿದ್ದ ಉತ್ತರ ಇಲ್ಲಿತ್ತು. ಎರಡು ಸಾವುಗಳ ನಡುವೆ ಒಬ್ಬ ಮನುಷ್ಯ ಪ್ರೀತಿಸೋದು ಕಲಿತಿದ್ದಾನೆ. ಅದನ್ನು ತೋರಿಸೋಕೆ ನಟ ತೆಗೆದುಕೊಂಡಿದ್ದು ಒಂದು ಹನಿ ನೀರು. ಅದಕ್ಕೆ ಮುಂಚಿನ ಎರಡು ಗಂಟೆಯ ಖಾಲಿತನ ಇಲ್ಲದಿದ್ದರೆ ಆ ಹನಿ ಯಾರಿಗೂ ಕಾಣುತ್ತಿರಲಿಲ್ಲ.

ನಗು ತಡೆಯಲಾಗದ ಸೆಲ್ಲರ್ಸ್

ಈ ಸಿನಿಮಾಕ್ಕೆ ಮೂಲವಾದ ಯೆರ್ಜಿ ಕೊಸಿನ್ಸ್ಕಿಯ ಕಾದಂಬರಿ ಓದಿದ ಮೇಲೆ ಸೆಲ್ಲರ್ಸ್ ಈ ಪಾತ್ರಕ್ಕಾಗಿ ವರ್ಷಗಟ್ಟಲೆ ಕಾದ. ಬೇರೆಯವರ ದನಿ, ಮುಖಗಳನ್ನು ಅಷ್ಟು ಸಲೀಸಾಗಿ ತೊಡುತ್ತಿದ್ದವನು ತನಗೆ ತನ್ನದೇ ಅನ್ನುವ ಒಂದು ‘ನಾನು’ ಇಲ್ಲ ಅಂತ ಹೇಳಿಕೊಳ್ಳುತ್ತಿದ್ದ. ಒಂದು ಟಿವಿ ಕಾರ್ಯಕ್ರಮದಲ್ಲಿ, ಮೊದಲು ಇತ್ತು, ಆಪರೇಷನ್ ಮಾಡಿಸಿ ತೆಗೆಸಿಬಿಟ್ಟೆ ಅಂದಿದ್ದ. ಚಾನ್ಸ್‌ನಲ್ಲಿ ಅವನು ತನ್ನನ್ನೇ ಕಂಡಿದ್ದರೆ ಅದರಲ್ಲಿ ಅಚ್ಚರಿ ಇಲ್ಲ.

ಸಿನಿಮಾದ ಕೊನೆಯಲ್ಲಿ ಹೆಸರುಗಳು ಬರುವಾಗ, ಕೆಲವು ಪ್ರತಿಗಳಲ್ಲಿ, ಚಿತ್ರೀಕರಣದ ವೇಳೆ ಕೆಟ್ಟುಹೋದ ಒಂದು ದೃಶ್ಯದ ತುಣುಕು ಇದೆ. ಬೀದಿ ಹುಡುಗರು ರಫಾಯೆಲ್ ಅನ್ನೋನಿಗೆ ತಲುಪಿಸು ಅಂತ ಕೊಟ್ಟ ಸಂದೇಶವನ್ನು ಚಾನ್ಸ್ ಸಮ ದನಿಯಲ್ಲಿ ಒಪ್ಪಿಸಬೇಕು. ಸೆಲ್ಲರ್ಸ್‌ಗೆ ಆಗುವುದಿಲ್ಲ. ನಗು ಉಕ್ಕುತ್ತದೆ. ಮತ್ತೆ ಶುರು ಮಾಡುತ್ತಾನೆ, ಮತ್ತೆ ನಗು. ಈ ತುಣುಕನ್ನು ಸೇರಿಸಿದ್ದಕ್ಕೆ ಅವನಿಗೆ ಬಹಳ ಬೇಜಾರಾಗಿತ್ತು, ಕಟ್ಟಿದ ಮಾಯೆ ಒಡೆದುಹೋಯಿತು ಅಂತ. ಅವನ ಸಂಕಟ ನನಗೆ ಅರ್ಥವಾಗುತ್ತದೆ. ಕೊನೆಯ ದೃಶ್ಯದ ಮೌನದಿಂದ ನೇರವಾಗಿ ಆ ನಗುವಿಗೆ ಬಿದ್ದಾಗ ನನಗೂ ಕಸಿವಿಸಿ ಆಯಿತು. ಆದರೂ ಆ ತುಣುಕು ನೋಡಿದ್ದು ಒಳ್ಳೆಯದಾಯಿತು. ಏನೂ ಮಾಡದ ಹಾಗೆ ಕಾಣುವುದು ಎಷ್ಟು ಕಷ್ಟದ ಕೆಲಸ ಅಂತ ಗೊತ್ತಾಗಿದ್ದು ಅಲ್ಲೇ. ಆ ನಗು ಪ್ರತಿ ದೃಶ್ಯದಲ್ಲೂ ಅವನೊಳಗೆ ಇತ್ತು. ಅದನ್ನು ಹಿಡಿದು ಕೂತಿದ್ದ. ಆ ವರ್ಷದ ಅತ್ಯುತ್ತಮ ನಟ ಆಸ್ಕರ್‌ಗೆ ಅವನ ಹೆಸರು ಇತ್ತು, ಪ್ರಶಸ್ತಿ ‘ಕ್ರೇಮರ್ ವರ್ಸಸ್ ಕ್ರೇಮರ್’ನ ಡಸ್ಟಿನ್ ಹಾಫ್‌ಮನ್‌ಗೆ ಹೋಯಿತು. 1980ರ ಜುಲೈ 24ರಂದು ಸೆಲ್ಲರ್ಸ್ ತೀರಿಕೊಂಡ. ವಯಸ್ಸು 54.

ನೀರಿನ ಮೇಲೆ

ಕೊನೆಯ ದೃಶ್ಯದ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನೂ ಬರೆಯದೆ ಇರಲಾರೆ. ರ‍್ಯಾಂಡ್‌ನ ಅಂತ್ಯಕ್ರಿಯೆ ನಡೆಯುತ್ತಿದೆ. ಅವನ ಸಮಾಧಿ ಪಿರಮಿಡ್ ಆಕಾರದ್ದು, ಅದರಲ್ಲೊಂದು ಕಣ್ಣು, ಡಾಲರ್ ನೋಟಿನ ಮೇಲಿರುವ ಹಾಗೇ. ಅಧ್ಯಕ್ಷ ನಿಂತು ರ‍್ಯಾಂಡ್‌ನ ಮಾತುಗಳನ್ನು ಓದುತ್ತಿದ್ದಾನೆ. ಶವಪೆಟ್ಟಿಗೆ ಹೊತ್ತವರು ಮುಂದಿನ ಅಧ್ಯಕ್ಷ ಯಾರಾಗಬೇಕು ಅಂತ ಪಿಸುಗುಡುತ್ತಿದ್ದಾರೆ, ಚಾನ್ಸಿ ಗಾರ್ಡಿನರ್ ಹೆಸರು ಬರುತ್ತದೆ. ಚಾನ್ಸ್ ಅಲ್ಲಿಂದ ಎದ್ದು ಮರಗಳ ನಡುವೆ ನಡೆಯುತ್ತಾನೆ. ಕೊಳಕ್ಕೆ ಬರುತ್ತಾನೆ. ನೀರಿನ ಮೇಲೆ ನಡೆದು ಹೋಗುತ್ತಾನೆ.

ಇದು ಮೊದಲ ಚಿತ್ರಕಥೆಯಲ್ಲಿ ಇರಲಿಲ್ಲ, ಚಿತ್ರೀಕರಣದ ಹೊತ್ತಿಗೆ ಆಶ್ಬಿಗೆ ಹೊಳೆದದ್ದು. ನೀರಿನ ಮಟ್ಟದ ಕೆಳಗೆ ಒಂದು ಹಲಗೆ ಹಾಸಿ ತೆಗೆದರು. ಮೊದಲ ಸಲ ನೋಡಿದಾಗ ನಾನು ತಕ್ಷಣ ಅರ್ಥ ಹುಡುಕಿದೆ. ಏಸುವಾ? ಮುಗ್ಧತೆಗೆ ಭಾರ ಇಲ್ಲ ಅಂತಲಾ? ಮುಳುಗಬೇಕು ಅನ್ನೋದು ಗೊತ್ತಿಲ್ಲದ್ದರಿಂದ ಮುಳುಗಲಿಲ್ಲವಾ? ಮೂರನೇ ಸಲ ನೋಡುವಾಗ ಒಂದು ವಿಷಯ ಹೊಳೆಯಿತು. ನಾನು ಮಾಡುತ್ತಿರುವುದು ಅಧ್ಯಕ್ಷ ಮಾಡಿದ ಕೆಲಸವನ್ನೇ. ಬೇರು ಗಟ್ಟಿಯಾಗಿದ್ದರೆ ತೋಟಕ್ಕೆ ತೊಂದರೆಯಿಲ್ಲ ಅನ್ನುವ ಮಾತನ್ನು ಅವನು ದೇಶದ ಆರ್ಥಿಕತೆಗೆ ಹಚ್ಚಿದ. ನಾನು ಈ ನಡಿಗೆಯನ್ನು ನನಗೆ ಗೊತ್ತಿರುವ ತತ್ವಗಳಿಗೆ ಹಚ್ಚುತ್ತಿದ್ದೇನೆ. ಅದರಿಂದ ನನಗೆ ನಾಚಿಕೆ ಆಗಲಿಲ್ಲ. ಅರ್ಥ ಹುಡುಕದೆ ಮನುಷ್ಯ ಇರೋಕೆ ಆಗುವುದಿಲ್ಲ. ಆದರೆ ಚಾನ್ಸ್ ಆ ನೀರಿನ ಮೇಲೆ ಏನು ಮಾಡುತ್ತಾನೆ ಅನ್ನೋದನ್ನ ಆಮೇಲೇ ಸರಿಯಾಗಿ ನೋಡಿದ್ದು. ನಡುವೆ ನಿಂತು ಕೊಡೆಯನ್ನು ಪಕ್ಕದ ನೀರಿಗೆ ಇಳಿಸುತ್ತಾನೆ. ಅದು ಆಳಕ್ಕೆ ಹೋಗುತ್ತದೆ. ಮೇಲೆತ್ತಿ ಮುಂದೆ ನಡೆಯುತ್ತಾನೆ. ಪವಾಡ ಮಾಡಿದವನ ಬೆರಗು ಅವನಲ್ಲಿಲ್ಲ. ನೆಲ ಎಷ್ಟು ಮೆತ್ತಗಿದೆ ಅಂತ ಕೋಲು ಊರಿ ನೋಡುವ ತೋಟಗಾರನ ಕುತೂಹಲ ಇದೆ. ಸೆಲ್ಲರ್ಸ್ ಅಲ್ಲಿ ಒಂದೇ ಒಂದು ಕ್ಷಣ ‘ಇದೊಂದು ದೊಡ್ಡ ಸಂಕೇತ’ ಅನ್ನೋ ಹಾಗೆ ನಡೆದಿದ್ದರೂ ಇಡೀ ದೃಶ್ಯ ಮುಳುಗಿಹೋಗುತ್ತಿತ್ತು.

ಗೆಳೆಯನಿಗೆ ಮೊನ್ನೆ ಫೋನ್ ಮಾಡಿ ಇಷ್ಟನ್ನೂ ಹೇಳಿದೆ. ಅವನು ಸುಮ್ಮನೆ ಕೇಳಿದ. ಇನ್ನೊಮ್ಮೆ ನೋಡ್ತೀನಿ ಬಿಡು ಅಂದ. ನೋಡುವಾಗ ಕೊಳಕ್ಕಿಂತ ಸ್ವಲ್ಪ ಮುಂಚೆ ಕಣ್ಣಿಟ್ಟಿರು ಅಂದೆ. ಅಲ್ಲೊಂದು ಪುಟ್ಟ ಸಸಿ ಇದೆ, ಬಾಗಿಹೋಗಿದೆ. ಅತ್ತ ಪೆಟ್ಟಿಗೆ ಹೊತ್ತವರ ಪಿಸುಮಾತು ಮುಗಿದಿಲ್ಲ, ಇತ್ತ ಯಾರೂ ಅವನನ್ನು ನೋಡುತ್ತಿಲ್ಲ. ಚಾನ್ಸ್ ಅದರ ಮುಂದೆ ನಿಲ್ಲುತ್ತಾನೆ. ಬಗ್ಗಿ ಸಸಿಯನ್ನು ನೆಟ್ಟಗೆ ಮಾಡುತ್ತಾನೆ.